14 ಎಕರೆ, ಆರು ಹೆಸರು: ಪಾವಗಡದ ಒಂದು ಮನೆ ಜಮೀನನ್ನು ಸೋಲಾರ್‌ಗೆ ಕೊಟ್ಟ ಪ್ರಕರಣ

ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಮೆಗಾವ್ಯಾಟ್ ಲೆಕ್ಕ ಬರುತ್ತದೆ, ಮೇಲಿನಿಂದ ತೆಗೆದ ಫೋಟೋ ಬರುತ್ತದೆ, ಬರದ ನಾಡಿಗೆ ಬಿಸಿಲೇ ಬೆಳೆ ಅಂತ ಒಂದು ತಲೆಬರಹ ಬರುತ್ತದೆ. ಪಹಣಿ, ಅಂದರೆ ಜಮೀನು ಯಾರದು ಅಂತ ಹೇಳುವ ಕಂದಾಯ ದಾಖಲೆ, ಅದರ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಅಲ್ಲಿ ಬಾಡಿಗೆ ದುಡ್ಡು ಯಾರ ಕೈಗೆ ಹೋಯಿತು, ಯಾರ ಕೈಗೆ ಹೋಗಲಿಲ್ಲ ಅನ್ನೋದನ್ನ ತೀರ್ಮಾನಿಸಿದ್ದು ಆ ಒಂದು ಹಾಳೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ.

ನಾನು ಆ ಭಾಗದಲ್ಲಿ ರೈತರ ಖಾತೆ, ಪೋಡಿ, ಅರ್ಜಿ ಇಂಥ ಕೆಲಸಕ್ಕೆ ಓಡಾಡುತ್ತಿದ್ದೆ. ಈ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಜಾತಿ, ಹೆಸರು ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ವಿಸ್ತೀರ್ಣವನ್ನೂ ಸ್ವಲ್ಪ ಆಚೀಚೆ ಮಾಡಿ, ಲೆಕ್ಕಕ್ಕೆ ಸುಲಭವಾಗುವ ಹಾಗೆ 14 ಎಕರೆ ಅಂತ ಇಟ್ಟುಕೊಂಡಿದ್ದೇನೆ.

ತಾಲೂಕಿನ ಪರಿಚಯ

ನಕ್ಷೆ ತೆಗೆದು ನೋಡಿದರೆ ಪಾವಗಡ ತುಮಕೂರು ಜಿಲ್ಲೆಯಿಂದ ಕಳಚಿಕೊಂಡ ಹಾಗೆ ಕಾಣುತ್ತದೆ. ಮಧುಗಿರಿ ಕಡೆಯಿಂದ ಬಸ್ಸಿನಲ್ಲಿ ಹೊರಟರೆ ನಡುವೆ ಆಂಧ್ರದ ನೆಲ ದಾಟಿ ಬರಬೇಕು. ಕರ್ನಾಟಕಕ್ಕೆ ಈ ತಾಲೂಕು ಅಂಟಿಕೊಂಡಿರುವುದು ಚಿತ್ರದುರ್ಗ ಜಿಲ್ಲೆಯ ಕಡೆಯಿಂದ. ಮಿಕ್ಕ ದಿಕ್ಕಿಗೆಲ್ಲ ಆಂಧ್ರ. ಮೊದಲು ಅದೆಲ್ಲ ಅನಂತಪುರ ಜಿಲ್ಲೆ ಆಗಿತ್ತು, 2022ರಲ್ಲಿ ಅದನ್ನು ಒಡೆದು ಒಂದು ಪಾಲಿಗೆ ಶ್ರೀ ಸತ್ಯಸಾಯಿ ಜಿಲ್ಲೆ ಅಂತ ಹೆಸರಿಟ್ಟರು. ಲೋಕಸಭೆಗೆ ಓಟು ಹಾಕುವುದು ಚಿತ್ರದುರ್ಗ ಕ್ಷೇತ್ರಕ್ಕೆ, ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ತುಮಕೂರಿಗೆ ಹೋಗಬೇಕು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಮದುವೆ ಸಂಬಂಧ ಗಡಿಯ ಎರಡೂ ಕಡೆ.

ಇದು ಇವತ್ತಿನ ಕಥೆ ಏನಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲೂ ಪಾವಗಡ ಅಂದರೆ ಮದ್ರಾಸ್ ಪ್ರೆಸಿಡೆನ್ಸಿಯ ಅನಂತಪುರದೊಳಕ್ಕೆ ಚಾಚಿಕೊಂಡಿದ್ದ ಮೈಸೂರಿನ ಒಂದು ತುಂಡು. ಅದಕ್ಕಿಂತ ಹಿಂದೆ ಹೋದರೆ ನಿಡಗಲ್ ಬೆಟ್ಟದಿಂದ ಆಳಿದ ಚೋಳ ಮನೆತನ ಸಿಗುತ್ತದೆ, ತಂಜಾವೂರಿನವರಲ್ಲ, ಇರುಂಗೋಳನ ಹೆಸರಿನ ಅರಸರಿದ್ದ ತೆಲುಗು ಚೋಳರು. ಆಮೇಲೆ ಪಾಳೇಗಾರರು, ಪಾವಗಡದ ಗುಡ್ಡದ ಮೇಲಿನ ಕೋಟೆ. ಈಗ ನಾಲ್ಕು ಹೋಬಳಿ: ಕಸಬಾ, ನಿಡಗಲ್, ನಾಗಲಮಡಿಕೆ, ವೈ.ಎನ್. ಹೊಸಕೋಟೆ. ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುವವರಿದ್ದಾರೆ, ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯ ದೇವಸ್ಥಾನ, ಪಟ್ಟಣದಲ್ಲಿ ಶನಿಮಹಾತ್ಮ. ಶನಿವಾರ ಬೆಂಗಳೂರು ಕಡೆಯ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ.

2011ರ ಜನಗಣತಿಯಲ್ಲಿ ತಾಲೂಕಿನ ಜನ ಸುಮಾರು 2.5 ಲಕ್ಷ. ಅದರಲ್ಲಿ ಪಟ್ಟಣದವರು 30 ಸಾವಿರವೂ ಇಲ್ಲ, ಉಳಿದವರೆಲ್ಲ ಹಳ್ಳಿಯವರು. ವಿಧಾನಸಭೆ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಹಳ್ಳಿಯಲ್ಲಿ ಇದ್ದಾರೆ ಅಂತ ಲೆಕ್ಕದಲ್ಲಿರುವವರೂ ಪೂರ್ತಿ ವರ್ಷ ಹಳ್ಳಿಯಲ್ಲಿರುವುದಿಲ್ಲ. ಕಡಲೆಕಾಯಿ ಕಿತ್ತ ಮೇಲೆ ಗಾರೆ ಕೆಲಸಕ್ಕೆ ಬೆಂಗಳೂರು, ಇಲ್ಲವೇ ಕಾಫಿ ತೋಟ. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ತುಕಡಿಯ ಮೇಲೆ ನಕ್ಸಲರ ದಾಳಿ ಆದಾಗ ಹೊರಗಿನವರಿಗೆ ಪಾವಗಡ ಅನ್ನುವ ಹೆಸರು ಮೊದಲ ಸಲ ಕಿವಿಗೆ ಬಿತ್ತು. ಒಳಗಿನವರಿಗೆ ಯಾವಾಗಲೂ ಮಳೆಯದೇ ಸುದ್ದಿ.

ಮಳೆಯ ವಿಷಯಕ್ಕೆ ಬಂದರೆ, 60 ವರ್ಷದಲ್ಲಿ 54 ಸಲ ಬರಪೀಡಿತ ತಾಲೂಕು ಅಂತ ಘೋಷಣೆ ಆಗಿದೆ ಅನ್ನುವ ಲೆಕ್ಕ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರ ಪಿನಾಕಿನಿ ಹರಿಯುತ್ತದೆ ಅಂತ ಪುಸ್ತಕದಲ್ಲಿ ಇದೆ, ನೋಡಲು ಹೋದರೆ ವರ್ಷದ ಬಹುಪಾಲು ಮರಳು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್. ಕೆಂಪು ಮರಳು ಮಿಶ್ರಿತ ಮಣ್ಣು, ಅದಕ್ಕೆ ಒಪ್ಪುವುದು ಕಡಲೆಕಾಯಿ, ನಡುವೆ ಅಕ್ಕಡಿ ಸಾಲಿಗೆ ತೊಗರಿ. ಬೆಳೆ ಕೈಕೊಟ್ಟರೆ ಕುರಿ, ಕುರಿಯೂ ಇಲ್ಲದವರಿಗೆ ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುವ ಕೆಲಸ.

ಇಂಥ ಕಡೆಗೆ 2015ರಲ್ಲಿ ಸೋಲಾರ್ ಬಂತು. ರಾಜ್ಯ ಮತ್ತು ಕೇಂದ್ರದ ಎರಡು ಸಂಸ್ಥೆಗಳು ಸೇರಿ ಒಂದು ಕಂಪನಿ ಮಾಡಿಕೊಂಡು ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುತ್ತ ಸುಮಾರು 13,000 ಎಕರೆ ಗುರುತಿಸಿದವು. ಜಮೀನು ಕೊಳ್ಳಲಿಲ್ಲ, ಬಾಡಿಗೆಗೆ ತೆಗೆದುಕೊಂಡವು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, 28 ವರ್ಷದ ಕರಾರು. ಒಡೆತನ ರೈತನದೇ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆ ಆಯಿತು, 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ ಆಯಿತು. ಒಕ್ಕಲೆಬ್ಬಿಸದೆ ಇಷ್ಟು ದೊಡ್ಡ ಯೋಜನೆ ಮಾಡಿದ್ದು ಸಣ್ಣ ಮಾತಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಕಡೆ ಜಮೀನು ಕಿತ್ತುಕೊಂಡ ಕಥೆಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಮನೆಯವರು ಮತ್ತು ಅವರ ತೊಡಕು

ಐದು ಹಳ್ಳಿಗಳಲ್ಲಿ ಒಂದರಲ್ಲಿ ಈ ಮನೆ. ಅಪ್ಪ 2009ರಲ್ಲಿ ತೀರಿಕೊಂಡಿದ್ದರು. ಅಮ್ಮ ಇದ್ದಾರೆ. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ದೊಡ್ಡ ಮಗ ಊರಲ್ಲೇ ಉಳಿದು ಪೂರ್ತಿ 14 ಎಕರೆ ನೋಡಿಕೊಳ್ಳುತ್ತಿದ್ದರು, ಜೊತೆಗೆ ಒಂದು ಹಿಂಡು ಕುರಿ. ನಡುವಿನವರು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿ ಮೇಸ್ತ್ರಿ ಆದವರು. ಚಿಕ್ಕವರು ಪಟ್ಟಣದಲ್ಲಿ ಅಂಗಡಿ ಇಟ್ಟಿದ್ದರು. ದೊಡ್ಡ ಮಗಳನ್ನು ಪಕ್ಕದ ಹೋಬಳಿಗೆ, ಚಿಕ್ಕ ಮಗಳನ್ನು ಗಡಿಯಾಚೆ ಮಡಕಶಿರಾ ಕಡೆಗೆ ಕೊಟ್ಟಿದ್ದರು.

ಇವರ ಜೊತೆಗೆ ಇನ್ನೊಬ್ಬರನ್ನು ಸೇರಿಸಬೇಕು, ಸಂಬಂಧಿಕರಲ್ಲ. ಆ 14 ಎಕರೆಯಲ್ಲಿ ನಾಲ್ಕು ಎಕರೆಯನ್ನು ಬಹಳ ವರ್ಷದಿಂದ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿನ ಮೇಲೆ, ಮಾಡುತ್ತಿದ್ದ ಗಂಡ ಹೆಂಡತಿ. ಬೀಜ ಗೊಬ್ಬರ ಅರ್ಧರ್ಧ, ಬಂದ ಕಾಯಿ ಅರ್ಧರ್ಧ, ಹೊಟ್ಟು ಮಾತ್ರ ದೊಡ್ಡವರ ಕುರಿಗೆ. ಎಲ್ಲ ಬಾಯಿ ಮಾತಿನಲ್ಲಿ.

2015ರ ಕೊನೆಯಲ್ಲಿ ಊರಲ್ಲಿ ಸಭೆಗಳು ಶುರುವಾದಾಗ ಈ ಮನೆಯ ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಹಕ್ಕುದಾರರ ಹೆಸರು ಬರುವ ಜಾಗದಲ್ಲಿ, ಇದ್ದದ್ದು ಇವರ ತಾತನ ಹೆಸರು. ತಾತ ಹೋಗಿ ಮೂವತ್ತು ವರ್ಷದ ಮೇಲಾಗಿತ್ತು. ಅಪ್ಪನ ಹೆಸರಿಗೂ ಖಾತೆ ಆಗಿರಲಿಲ್ಲ. 11ನೇ ಕಾಲಂನಲ್ಲಿ ಸೊಸೈಟಿಯ ಹಳೆ ಬೆಳೆ ಸಾಲ. 12ನೇ ಕಾಲಂನಲ್ಲಿ, ಯಾರು ಉಳುತ್ತಿದ್ದಾರೆ ಅಂತ ಬರೆಯುವ ಕಡೆ, ವರ್ಷಗಟ್ಟಲೆ ಒಂದೇ ಪದ: ಸ್ವಂತ.

ಹೀಗೆ ಇರುವುದು ಈ ಮನೆಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ಮಳೆಯಾಶ್ರಿತ ತಾಲೂಕುಗಳಲ್ಲಿ ಇದೇ ಮಾಮೂಲಿ. ಎಕರೆಗೆ ಏನೂ ಹುಟ್ಟದ ಜಮೀನಿಗೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ) ಮಾಡಿಸಲು ಮರಣ ಪತ್ರ, ವಂಶವೃಕ್ಷ, ಎಲ್ಲರ ಸಹಿ, ಅಷ್ಟೂ ದಿನದ ಕೂಲಿ ಕಳೆದುಕೊಂಡು ಯಾರು ಓಡಾಡುತ್ತಾರೆ? ಉಳುವುದಕ್ಕೆ ಖಾತೆ ಬೇಕಿರಲಿಲ್ಲ. ಬಾಡಿಗೆ ತೆಗೆದುಕೊಳ್ಳುವುದಕ್ಕೆ ಬೇಕಾಯಿತು. ಪ್ರಕರಣದ ತೊಡಕೆಲ್ಲ ಹುಟ್ಟಿದ್ದು ಅಲ್ಲಿಂದ.

ಕೊಡೋದಾ ಬೇಡವಾ

ದೊಡ್ಡವರು ಮೊದಲು ಬೇಡ ಅಂದರು. ಭೂಮಿತಾಯಿ ಅಂತೆಲ್ಲ ಭಾಷಣ ಮಾಡಲಿಲ್ಲ. ಅವರು ಕೇಳಿದ್ದು ಒಂದೇ: ಬೇಲಿ ಹಾಕಿದ ಮೇಲೆ ಕುರಿ ಎಲ್ಲಿ ಮೇಯಿಸಲಿ? ತಮ್ಮ ಜಮೀನಷ್ಟೇ ಅಲ್ಲ, ಪಕ್ಕದವರ ಬೀಳು, ಗೋಮಾಳ, ಹಳ್ಳದ ದಡ ಎಲ್ಲ ಸೇರಿ ಕುರಿಯ ಮೇವು. ಒಬ್ಬರ ಹೊಲ ಬಾಡಿಗೆಗೆ ಹೋದರೆ ಊರಿನ ಹಿಂಡಿನ ದಾರಿಯೇ ಮುಚ್ಚುತ್ತದೆ.

ನಡುವಿನವರು ಲೆಕ್ಕ ಮುಂದಿಟ್ಟರು. 14 ಎಕರೆಗೆ ವರ್ಷಕ್ಕೆ 2,94,000 ರೂಪಾಯಿ. ಬಿತ್ತುವುದಿಲ್ಲ, ಕೀಳುವುದಿಲ್ಲ, ಆಕಾಶ ನೋಡುವುದಿಲ್ಲ. "ಅಣ್ಣಾ, ಹತ್ತು ವರ್ಷದಲ್ಲಿ ಯಾವ ವರ್ಷ ಇಷ್ಟು ಕಂಡಿದ್ದೀಯ ಹೇಳು" ಅಂದರು. ದೊಡ್ಡವರಿಗೆ ಉತ್ತರ ಇರಲಿಲ್ಲ. ಒಳ್ಳೆ ಬೆಳೆ ಬಂದ ವರ್ಷಗಳನ್ನು ಅವರು ಮಗುವಿನ ಹುಟ್ಟು, ಮದುವೆ ಇಂಥ ಗುರುತಿನ ಮೇಲೆ ನೆನಪಿಟ್ಟುಕೊಂಡಿದ್ದರು, ಅಷ್ಟು ಅಪರೂಪ.

ಸುತ್ತಲಿನವರು ಒಬ್ಬೊಬ್ಬರಾಗಿ ಒಪ್ಪಿದ ಮೇಲೆ ಬೇಡ ಅನ್ನುವುದಕ್ಕೆ ಅರ್ಥವೂ ಉಳಿಯಲಿಲ್ಲ. ನಾಲ್ಕು ಕಡೆ ಬೇಲಿ ಬಿದ್ದು ನಡುವೆ 14 ಎಕರೆ ಉಳಿಸಿಕೊಂಡು ಏನು ಮಾಡುವುದು, ಅಲ್ವಾ? ಕೆಲವರು ಇದನ್ನೇ ಒತ್ತಾಯ ಅನ್ನುತ್ತಾರೆ, ಕೆಲವರು ಸ್ವಂತ ಇಚ್ಛೆ ಅನ್ನುತ್ತಾರೆ. ನನಗೆ ಎರಡೂ ಪೂರ್ತಿ ನಿಜ ಅನ್ನಿಸಲಿಲ್ಲ. ದೊಡ್ಡವರು ಕೊನೆಗೆ ಒಪ್ಪಿದರು.

ಮೂರು ದಾರಿ

ಮೊದಲು ನೋಡಿದ್ದು ಸುಲಭದ ದಾರಿ. ಎಲ್ಲರ ಹೆಸರಿಗೂ ಜಂಟಿ ಪೌತಿ ಖಾತೆ ಮಾಡಿಸಿ, ಬಾಡಿಗೆ ದೊಡ್ಡವರ ಬ್ಯಾಂಕ್ ಖಾತೆಗೆ ಬರಲಿ, ಅವರು ಹಂಚಲಿ ಅಂತ. ಇದನ್ನು ಮುರಿದವರು ನಡುವಿನವರು. ಅಣ್ಣನ ಮೇಲೆ ಅನುಮಾನ ಇರಲಿಲ್ಲ, ಅಣ್ಣನ ಸಾಲದ ಮೇಲೆ ಇತ್ತು. ಬೋರ್ ಕೊರೆಸಿದ್ದು, ಮಗಳ ಮದುವೆ, ಬೀಜದ ಅಂಗಡಿ, ಎಲ್ಲ ಸೇರಿ ದೊಡ್ಡವರು ಕೈಸಾಲದಲ್ಲಿ ಮುಳುಗಿದ್ದರು. ದುಡ್ಡು ಆ ಖಾತೆಗೆ ಬಿದ್ದ ದಿನವೇ ಸಾಲಗಾರರು ಬಾಗಿಲಲ್ಲಿ ನಿಲ್ಲುತ್ತಾರೆ ಅನ್ನುವುದು ಊರಿಗೇ ಗೊತ್ತಿತ್ತು.

ಎರಡನೆಯದು ಊರ ಪಂಚಾಯ್ತಿ. ಹಿರಿಯರು ಕೂತು ಮೂರು ಪಾಲು ಮಾಡಿದರು, ಗಂಡುಮಕ್ಕಳಿಗೆ ಮಾತ್ರ. ಪಾಲುಪಟ್ಟಿ ಬರೆದು ಸಹಿ ಹಾಕಿಸಿದರು. ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಸೀರೆ, ಸ್ವಲ್ಪ ದುಡ್ಡು ಕೊಡುವುದು ಅಂತ ಬಾಯಿ ಮಾತು. ಹಿಂದೆಲ್ಲ ಹೀಗೇ ನಡೆದಿದೆ, ಯಾರೂ ತಕರಾರು ಮಾಡಿದ್ದಿಲ್ಲ. ಆದರೆ ನೋಂದಣಿ ಆಗದ ಆ ಪಟ್ಟಿಯ ಮೇಲೆ ಖಾತೆ ಮಾಡಲು ಕಚೇರಿ ಒಪ್ಪಲಿಲ್ಲ. ನೋಂದಣಿ ಮಾಡಿಸಬೇಕು, ವಂಶವೃಕ್ಷದಲ್ಲಿರುವ ಎಲ್ಲರೂ ಬಂದು ಸಹಿ ಹಾಕಬೇಕು, ಹೆಣ್ಣುಮಕ್ಕಳಿಗೆ ಪಾಲು ಬೇಡವಾದರೆ ಅವರು ಹಕ್ಕು ಬಿಟ್ಟುಕೊಟ್ಟ ಪತ್ರ ಬರೆದುಕೊಡಬೇಕು.

ಮೂರನೆಯದು ಅದೇ. ಹಕ್ಕು ಬಿಡುಗಡೆ ಪತ್ರ ಸಿದ್ಧ ಮಾಡಿ ಅಕ್ಕತಂಗಿಯರನ್ನು ಕರೆಸಿದರು. ದೊಡ್ಡ ಮಗಳು ಸಹಿ ಹಾಕಲು ತಯಾರಾಗಿಯೇ ಬಂದಿದ್ದರು. ತವರಿನ ಬಾಗಿಲು ಮುಚ್ಚಿಕೊಳ್ಳಬಾರದು ಅನ್ನುವ ಯೋಚನೆ ಅವರದು. ಚಿಕ್ಕ ಮಗಳು ಪೆನ್ನು ಮುಟ್ಟಲಿಲ್ಲ.

ಇಲ್ಲಿ ಆದ ಮಾತುಕತೆ ತೆಲುಗಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗೆ. "ಅಣ್ಣಾ, ನೀನು ಉಳುತ್ತಿದ್ದಾಗ ನಾನು ಯಾವತ್ತಾದರೂ ಒಂದು ಮೂಟೆ ಕಾಯಿ ಕೇಳಿದ್ದೀನಾ? ಬಿಸಿಲಲ್ಲಿ ನಿಲ್ಲುವವನು ನೀನು, ಬೆಳೆ ನಿಂದು ಅಂತ ಸುಮ್ಮನಿದ್ದೆ. ನಾಳೆಯಿಂದ ನೀನೂ ಉಳಲ್ಲ, ನಾನೂ ಉಳಲ್ಲ. ಸುಮ್ನೆ ಕೂತವರಿಗೆ ಬರೋ ದುಡ್ಡು ಅದು. ಅದರಲ್ಲಿ ನನಗೆ ಯಾಕಿಲ್ಲ?"

ದೊಡ್ಡವರು "ಮೂವತ್ತು ವರ್ಷ ಆ ನೆಲ ಕಾಪಾಡಿದ್ದಕ್ಕೆ ಲೆಕ್ಕವೇ ಇಲ್ವೇನಮ್ಮಾ" ಅಂದರು.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಎರಡು ಮಾತು. ಇಬ್ಬರದೂ ಸರಿ, ಅದೇ ಕಷ್ಟ. ಉಳುವ ತನಕ ಜಮೀನಿನ ಮೇಲಿನ ಹಕ್ಕಿಗೂ ಬೆವರಿಗೂ ಒಂದು ಹೊಂದಾಣಿಕೆ ಇತ್ತು. ಕಾನೂನು ಏನೇ ಹೇಳಲಿ, ಊರಲ್ಲಿದ್ದು ಉಳುವವನದು ಅಂತ ಎಲ್ಲರೂ ಒಪ್ಪಿಕೊಂಡಿದ್ದರು. ಬಾಡಿಗೆ ಬಂದ ದಿನ ಆ ಹೊಂದಾಣಿಕೆ ಬಿದ್ದುಹೋಯಿತು. ಉಳಿದದ್ದು ಕಾನೂನು ಮಾತ್ರ.

ಕಾನೂನಿನ ಲೆಕ್ಕ

ಕಾನೂನು ಚಿಕ್ಕ ಮಗಳ ಕಡೆ ಇತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತ್ತು. ಆ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ತಂದೆಯೂ ಬದುಕಿರಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಹೇಳಿತ್ತು. ಇವರ ಅಪ್ಪ 2009ರ ತನಕ ಇದ್ದರು, ಹಾಗಾಗಿ ಆ ಅಡ್ಡಿಯೂ ಇರಲಿಲ್ಲ. (2020ರಲ್ಲಿ ಕೋರ್ಟ್ ಆ ಷರತ್ತನ್ನೇ ತೆಗೆದುಹಾಕಿತು. ಈಗ ತಂದೆ ಯಾವಾಗ ತೀರಿಕೊಂಡರು ಅನ್ನುವುದು ಮಗಳ ಹಕ್ಕಿಗೆ ಅಡ್ಡ ಬರುವುದಿಲ್ಲ.)

ಆಮೇಲೆ ಅಮ್ಮನ ಪಾಲು. ಇಲ್ಲಿ ವಕೀಲರ ಬಳಿ ಹೋದಾಗ ಒಂದು ವಿಚಿತ್ರ ಹೊರಬಿತ್ತು. ಜಮೀನು ತಾತನಿಗೆ ಅವರ ಹಿರಿಯರಿಂದ ಬಂದ ಪಿತ್ರಾರ್ಜಿತವಾದರೆ ಲೆಕ್ಕ ಬೇರೆ, ತಾತನೇ ಸಂಪಾದಿಸಿದ ಸ್ವಯಾರ್ಜಿತವಾದರೆ ಲೆಕ್ಕ ಬೇರೆ. ಪಿತ್ರಾರ್ಜಿತ ಅಂದುಕೊಳ್ಳಿ. ಅಪ್ಪ ಮತ್ತು ಐದು ಮಕ್ಕಳು ಸೇರಿ ಆರು ಪಾಲು. ಅಪ್ಪನ ಆ ಒಂದು ಪಾಲು ಮಾತ್ರ ಅವರು ಹೋದ ಮೇಲೆ ಅಮ್ಮ ಮತ್ತು ಐದು ಮಕ್ಕಳಿಗೆ ಮತ್ತೆ ಆರಾಗಿ ಒಡೆಯುತ್ತದೆ. ಅಂದರೆ ಅಮ್ಮನಿಗೆ 36ರಲ್ಲಿ ಒಂದು ಪಾಲು, 14 ಎಕರೆಯಲ್ಲಿ ಹದಿನೈದು ಗುಂಟೆ ಚಿಲ್ಲರೆ, ಬಾಡಿಗೆ ವರ್ಷಕ್ಕೆ 8,166 ರೂಪಾಯಿ. ಮಕ್ಕಳಿಗೆ ತಲಾ 57,166. ಸ್ವಯಾರ್ಜಿತವಾದರೆ ಅದು ತಾತನ ಒಬ್ಬನೇ ಮಗನಾದ ಅಪ್ಪನ ಸ್ವಂತ ಆಸ್ತಿಯಾಗಿ ಬಂದಂತೆ, ಅವರ ನಂತರ ಆರೂ ಜನಕ್ಕೆ ಸಮ, ತಲಾ 49,000.

ತಾತ ಕೊಂಡದ್ದಾ, ಅವರಿಗೆ ಹಿರಿಯರಿಂದ ಬಂದದ್ದಾ? ಕ್ರಯಪತ್ರ ಯಾರ ಬಳಿಯೂ ಇರಲಿಲ್ಲ. ಅಮ್ಮ ಮಾತ್ರ ಮಾವ ಎತ್ತು ಮಾರಿ ಕೊಂಡ ಹೊಲ ಅದು ಅಂತ ಹೇಳುತ್ತಿದ್ದರು.

ತಿರುವು ಬಂದಿದ್ದು ಇಲ್ಲಿ. ಚಿಕ್ಕ ಮಗಳು ತನ್ನ ಪಾಲು 57,166ರಿಂದ 49,000ಕ್ಕೆ ಇಳಿದರೂ ಪರವಾಗಿಲ್ಲ, ಅಮ್ಮನಿಗೆ ಸಮಪಾಲು ಬರೆಯಿರಿ ಅಂದರು. ಆ ಮಾತು ದೊಡ್ಡವರಿಗೂ ಅನುಕೂಲ ಆಯಿತು, ಯಾಕೆಂದರೆ ಅಮ್ಮ ಇದ್ದದ್ದು ಅವರ ಮನೆಯಲ್ಲೇ. ಮೂರರಲ್ಲೊಂದು ಅಂತ 98,000 ನಿರೀಕ್ಷಿಸಿದ್ದವರಿಗೆ ತಮ್ಮದು 49,000, ಅಮ್ಮನದು 49,000, ಎರಡೂ ಸೇರಿದರೆ ಒಂದೇ ಮನೆಗೆ ಅಷ್ಟೇ ಬಂದಂತಾಯಿತು. ಚಿಕ್ಕ ಮಗಳು ಇದನ್ನು ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದರೋ ಏನೋ, ನಾನು ಕೇಳಲಿಲ್ಲ. ಲೆಕ್ಕ ಹಾಕಿದ್ದರೆ ಅವರಿಗೆ ನನ್ನ ನಮಸ್ಕಾರ. ಜಗಳಕ್ಕೆ ಬಂದವರೆಲ್ಲ ಎದ್ದು ಹೋಗುವಷ್ಟರಲ್ಲಿ ಕಾಫಿ ಬಂತು.

ಯಾರೂ ನೋಡದ ಮೂರು ಎಕರೆ

ಇನ್ನೊಂದು ತೀರ್ಮಾನ ಇದೇ ಸಮಯದಲ್ಲಿ ಆಯಿತು, ಆಗ ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. ಪಾರ್ಕ್‌ನ ಗಡಿಯಿಂದ ಆಚೆಗೆ, ಕೆರೆಯ ಹಿಂದೆ, ಇವರದೇ ಇನ್ನೊಂದು ಸರ್ವೆ ನಂಬರಿನಲ್ಲಿ ಮೂರು ಎಕರೆ ಇತ್ತು. ಬಾಡಿಗೆ ಬರುವ ಜಮೀನಲ್ಲ. ಕೆರೆಯಲ್ಲಿ ನೀರು ನಿಂತು ಎಷ್ಟೋ ವರ್ಷ ಆಗಿತ್ತು, ಒಳಗೆಲ್ಲ ಜಾಲಿ. ದೊಡ್ಡವರು ಅದನ್ನು ಪೂರ್ತಿ ನನಗೆ ಬಿಡಿ, ಕುರಿ ಕಟ್ಟಲು ಜಾಗ ಬೇಕು ಅಂದರು. ಎಲ್ಲರೂ ತಲೆಯಾಡಿಸಿದರು. ನೋಂದಣಿ ಆದ ವಿಭಾಗ ಪತ್ರದಲ್ಲಿ ಆ ಮೂರು ಎಕರೆ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ.

ಸೊಸೈಟಿ ಸಾಲ ತೀರಿಸಿ, 11ನೇ ಕಾಲಂ ಖಾಲಿ ಮಾಡಿಸಿ, ಆರು ಹೆಸರು ಪಹಣಿಗೆ ಬರುವಷ್ಟರಲ್ಲಿ 2017 ಬಂದಿತ್ತು. ಅಕ್ಕಪಕ್ಕದವರು ಆಗಲೇ ಮೊದಲ ವರ್ಷದ ಬಾಡಿಗೆ ಎತ್ತಿಕೊಂಡಿದ್ದರು.

ವಾರಕ್ಕೆ ಮಾಡುತ್ತಿದ್ದವರು

ಇವರ ಹೆಸರು ಯಾವ ಕಾಲಂನಲ್ಲೂ ಇರಲಿಲ್ಲ. ಇರುವಂತೆಯೂ ಇರಲಿಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ಹೆಚ್ಚುಕಡಿಮೆ ನಿಷೇಧ ಇದೆ. ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಕಾಯ್ದೆ ಅದು, ಅದರ ಬಗ್ಗೆ ಗೌರವ ಇದೆ. ಆದರೆ ಅದಾದ ಮೇಲೆ ಗೇಣಿ ನಿಲ್ಲಲಿಲ್ಲ, ಬಾಯಿ ಮಾತಿಗೆ ಇಳಿಯಿತು ಅಷ್ಟೇ. ಬರೆದುಕೊಟ್ಟರೆ ಜಮೀನು ಹೋಗುತ್ತದೆ ಅನ್ನುವ ಹೆದರಿಕೆಗೆ ಯಾವ ಒಡೆಯರೂ 12ನೇ ಕಾಲಂನಲ್ಲಿ ಇನ್ನೊಬ್ಬರ ಹೆಸರು ಬರೆಸುವುದಿಲ್ಲ. ಹೀಗಾಗಿ ನಾಲ್ಕು ಎಕರೆಯಿಂದ ಅವರಿಗೆ ಸಿಕ್ಕಿದ್ದು ಏನೂ ಇಲ್ಲ.

ಅವರಿಗೆ ಸ್ವಂತದ್ದು ಅಂತ ಇದ್ದದ್ದು ಸರ್ಕಾರಿ ಜಾಗದಲ್ಲಿ ಎರಡು ಎಕರೆ ಬಗರ್‌ಹುಕುಂ, ಅಂದರೆ ಮಂಜೂರಾತಿ ಇಲ್ಲದ, ಸಾಗುವಳಿ. ಅದನ್ನು ಸಕ್ರಮ ಮಾಡಿಕೊಡಿ ಅಂತ ನಮೂನೆ 53ರಲ್ಲಿ ಅರ್ಜಿ ಹಾಕಿದ್ದರು, ಸ್ವೀಕೃತಿ ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು, ಮಂಜೂರಾತಿ ಆಗಿರಲಿಲ್ಲ. ಆ ಜಾಗವೂ ಬೇಲಿಯೊಳಗೆ ಹೋಯಿತು. ಅರ್ಜಿಗೆ ಬಾಡಿಗೆ ಬರುವುದಿಲ್ಲ.

ಪಾರ್ಕ್ ಕಟ್ಟುವಾಗ ಒಳ್ಳೆ ದಿನಗೂಲಿ ಸಿಕ್ಕಿತು. ಗುಂಡಿ ತೋಡುವುದು, ಕಂಬ ನಿಲ್ಲಿಸುವುದು, ಪ್ಯಾನಲ್ ಹೊರುವುದು. ಕಟ್ಟಿ ಮುಗಿದ ಮೇಲೆ ಅಷ್ಟು ಜನ ಬೇಕಾಗಲಿಲ್ಲ. ಕಾವಲು ಕೆಲಸಕ್ಕೆ ಜಮೀನು ಕೊಟ್ಟ ಮನೆಯ ಹುಡುಗರಿಗೆ ಮೊದಲ ಮಾತು. ಇದು ಸಹಜವೇ, ಆದರೆ ಇದರಿಂದ ಬಾಡಿಗೆ ಬರುವ ಮನೆಗೇ ಸಂಬಳವೂ ಬಂತು. ಹೆಂಗಸರಿಗೆ ಹುಲ್ಲು ಕತ್ತರಿಸುವುದು, ಪ್ಯಾನಲ್ ಒರೆಸುವುದು, ಅದೂ ವರ್ಷಪೂರ್ತಿ ಇಲ್ಲ. ಗಂಡ ಬೆಂಗಳೂರಿಗೆ ಹೋದರು, ಹೆಂಡತಿ ಊರಲ್ಲಿ ಉಳಿದರು.

ಈ ಮನೆಯಲ್ಲಿ ಯಾರಾದರೂ ಅವರ ಬಗ್ಗೆ ಮಾತೆತ್ತಿದರಾ? ಎತ್ತಿದರು, ದೊಡ್ಡವರು. ನಾಲ್ಕು ಎಕರೆಯ ಬಾಡಿಗೆಯಲ್ಲಿ ಒಂದು ವರ್ಷದ್ದನ್ನಾದರೂ ಕೊಡೋಣ ಅಂದರು. ಆಗಲೇ ಆರು ಖಾತೆಗೆ ಒಡೆದುಹೋಗಿದ್ದ ದುಡ್ಡು. ಯಾರ ಪಾಲಿನ ನಾಲ್ಕು ಎಕರೆ ಅದು ಅನ್ನುವ ಪ್ರಶ್ನೆಗೇ ಉತ್ತರ ಸಿಗಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಆಮೇಲಿನ ವರ್ಷಗಳು

ಬಾಡಿಗೆ ಬರುತ್ತಿದೆ. ನಡುವಿನವರು ಬೆಂಗಳೂರಿನ ಹೊರವಲಯದಲ್ಲಿ ಸೈಟು ಕೊಳ್ಳಲು ಅದನ್ನು ಕಂತಿಗೆ ಹಾಕಿದರು. ಚಿಕ್ಕವರು ಬೇರೆ ಕಡೆ ಜಮೀನು ಮಾಡಿ ಬೋರ್ ಕೊರೆಸಿದರು, ನೀರು ಬೀಳಲಿಲ್ಲ. ಚಿಕ್ಕ ಮಗಳು ಗಂಡನ ಮನೆಯಲ್ಲಿ ಎಮ್ಮೆ ಕಟ್ಟಿದರು, ಮಗನನ್ನು ಹಿಂದೂಪುರದಲ್ಲಿ ಓದಿಸಿದರು. ದೊಡ್ಡ ಮಗಳ ದುಡ್ಡು ಅವರ ಗಂಡನ ಕೈಗೆ ಹೋಗುತ್ತದೆ, ಬ್ಯಾಂಕ್ ಪುಸ್ತಕ ಅವರ ಹೆಸರಲ್ಲಿದೆ ಅಷ್ಟೇ.

ಶೇ. 5 ಏರಿಕೆ ಮೊದಲು ಕೇಳಿದಾಗ ಎಲ್ಲರಿಗೂ ಚೆನ್ನಾಗಿ ಕಂಡಿತ್ತು. ಅದು ಎರಡು ವರ್ಷಕ್ಕೊಮ್ಮೆ ಅನ್ನುವುದನ್ನು ಆಗ ಯಾರೂ ಗಟ್ಟಿಯಾಗಿ ಯೋಚಿಸಿರಲಿಲ್ಲ. ಅಂದರೆ ವರ್ಷಕ್ಕೆ ಶೇ. 2.5 ಕೂಡ ಪೂರ್ತಿ ಇಲ್ಲ. 2017ರಲ್ಲಿ 21,000ಕ್ಕೆ ಶುರು ಮಾಡಿದವರಿಗೆ ನಾಲ್ಕು ಏರಿಕೆ ಆದ ಮೇಲೆ 2025ರಲ್ಲಿ ಎಕರೆಗೆ 25,525. ಇಪ್ಪತ್ತೆಂಟನೇ ವರ್ಷಕ್ಕೆ 39,600ರ ಹತ್ತಿರ. ಈ ಎಂಟು ವರ್ಷದಲ್ಲಿ ಅಕ್ಕಿ, ಎಣ್ಣೆ, ಗಾರೆ ಕೂಲಿ ಎಷ್ಟು ಏರಿದೆ ಅಂತ ನಿಮಗೇ ಗೊತ್ತು. ಕರಾರಿಗೆ ಸಹಿ ಹಾಕುವವರು ಎಕರೆಗೆ ಎಷ್ಟು ಅಂತ ಕೇಳಿದರೆ ಸಾಲದು, ಏರಿಕೆಯ ಸಾಲನ್ನು ಕೂತು ಲೆಕ್ಕ ಹಾಕಬೇಕು. ಬೇಸಾಯದಲ್ಲಿ ಹತ್ತರಲ್ಲಿ ಎಂಟು ವರ್ಷ ನಷ್ಟ ಆದರೂ ಬೆಲೆ ಏರಿದಾಗ ಬೆಳೆಗೂ ಏರುತ್ತಿತ್ತು. ಬಾಡಿಗೆಯಲ್ಲಿ ನಷ್ಟದ ಹೆದರಿಕೆ ಇಲ್ಲ, ಆದರೆ ದುಡ್ಡು ನಿಧಾನಕ್ಕೆ ಸವೆಯುತ್ತದೆ.

2022ರಲ್ಲಿ ಈ ಕಡೆ ಜೋರು ಮಳೆ ಆಯಿತು. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬಿದ್ದ ವರ್ಷ ಅದು. ಇವರ ಊರ ಕೆರೆಗೂ ನೀರು ಬಂತು. ಅಷ್ಟು ಹೊತ್ತಿಗೆ ದೊಡ್ಡವರು ಕೆರೆ ಹಿಂದಿನ ಮೂರು ಎಕರೆಯ ಜಾಲಿ ತೆಗೆಸಿ ಅರ್ಧಕ್ಕೆ ರಾಗಿ, ಅರ್ಧಕ್ಕೆ ಮೇವು ಮಾಡುತ್ತಿದ್ದರು. ಕುರಿ ಮೊದಲಿನ ಕಾಲು ಭಾಗಕ್ಕೆ ಇಳಿದಿತ್ತು, ಆದರೂ ಪೂರ್ತಿ ಮಾರಿರಲಿಲ್ಲ. ವಾರಕ್ಕೆ ಮಾಡುತ್ತಿದ್ದ ಆ ಹೆಂಗಸು ಈಗ ಅಲ್ಲೇ ಕೆಲಸ ಮಾಡುತ್ತಾರೆ, ಅರ್ಧ ರಾಗಿ ಅವರಿಗೆ. ಈ ಸಲವೂ ಬಾಯಿ ಮಾತೇ. 12ನೇ ಕಾಲಂನಲ್ಲಿ ಈಗಲೂ ಸ್ವಂತ ಅಂತಲೇ ಇದೆ.

ತಮ್ಮಂದಿರು ಆ ಮೂರು ಎಕರೆ ಬಗ್ಗೆ ಆಗಾಗ ಕೊಂಕು ಮಾತಾಡುತ್ತಾರೆ, ಆದರೆ ಪತ್ರ ನೋಂದಣಿ ಆಗಿದೆ.

ಇದರಿಂದ ಏನು ತೆಗೆದುಕೊಳ್ಳಬಹುದು

ಪಾರ್ಕ್ ವಿಸ್ತರಣೆಯ ಮಾತು 2023ರಿಂದ ಓಡಾಡುತ್ತಿದೆ. ಬೇರೆ ಬಯಲು ಸೀಮೆಯ ತಾಲೂಕುಗಳಿಗೂ ಬಾಡಿಗೆ ಕೇಳಿಕೊಂಡು ಏಜೆಂಟರು ಬರುತ್ತಿದ್ದಾರೆ. ಅಲ್ಲಿನವರು ನನ್ನನ್ನು ಮೊದಲು ಕೇಳುವುದು ರೇಟಿನ ಬಗ್ಗೆ. ನಾನು ಪಹಣಿ ತೋರಿಸಿ ಅನ್ನುತ್ತೇನೆ. ತಾತನ ಹೆಸರಲ್ಲೇ ಇದ್ದರೆ, ಮನೆಯಲ್ಲಿ ಎಲ್ಲರೂ ಮಾತಾಡುತ್ತಿರುವಾಗಲೇ, ದುಡ್ಡಿನ ಸುದ್ದಿ ಬರುವ ಮೊದಲೇ ಪೌತಿ ಖಾತೆ ಮುಗಿಸಿಕೊಳ್ಳಿ. ಸುದ್ದಿ ಬಂದ ಮೇಲೆ ಅದೇ ಅರ್ಜಿಗೆ ಎರಡರಷ್ಟು ಸಮಯ ಹಿಡಿಯುತ್ತದೆ, ಕಚೇರಿಯಲ್ಲೂ ಮನೆಯಲ್ಲೂ. ಹೆಣ್ಣುಮಕ್ಕಳನ್ನು ಸಹಿ ಹಾಕುವ ದಿನ ಕರೆಸುವ ಬದಲು ಮೊದಲ ದಿನವೇ ಕೂರಿಸಿಕೊಳ್ಳಿ. ಈ ಮನೆಯಲ್ಲಿ ಬಗೆಹರಿದ ಲೆಕ್ಕ ಬಂದಿದ್ದು ಕೊನೆಗೆ ಕರೆದವರಿಂದ. ಎಲ್ಲವನ್ನೂ ಬಾಡಿಗೆಗೆ ಕೊಡದೆ ಒಂದು ತುಂಡು ಉಳಿಸಿಕೊಳ್ಳಲು ಆಗುತ್ತದಾ ನೋಡಿ.

ವಾರಕ್ಕೆ ಮಾಡುವವರ ವಿಷಯದಲ್ಲಿ ನನ್ನ ಬಳಿ ಸುಲಭದ ದಾರಿ ಇಲ್ಲ. ಒಂದನ್ನು ಮಾತ್ರ ಹೇಳಬಲ್ಲೆ. ಪಾಲು ಆಗುವ ಮೊದಲು, ದುಡ್ಡು ಒಂದೇ ಕಡೆ ಇರುವಾಗ, ಅವರಿಗೆ ಇಷ್ಟು ಅಂತ ತೆಗೆದಿಟ್ಟರೆ ಕೊಡಲು ಆಗುತ್ತದೆ. ಆರು ಖಾತೆಗೆ ಹೋದ ಮೇಲೆ ಆಗುವುದಿಲ್ಲ. ಪಕ್ಕದ ಹಳ್ಳಿಯ ಒಂದು ಮನೆಯವರು ಹಾಗೆ ಮಾಡಿದರು, ವಿಭಾಗ ಪತ್ರಕ್ಕೆ ಸಹಿ ಹಾಕುವ ಮುಂಚೆ. ಮೊತ್ತ ದೊಡ್ಡದೇನಲ್ಲ, ಎರಡು ಕುರಿ ಕೊಳ್ಳುವಷ್ಟು.

ಈ ಮನೆಯ ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಅವರ ಪಾಲು ಅವರ ನಂತರ ಮತ್ತೆ ಐದಾಗಬೇಕು. 28 ವರ್ಷ ಮುಗಿಯುವಷ್ಟರಲ್ಲಿ ಪಹಣಿಯಲ್ಲಿ ಇಪ್ಪತ್ತು ಹೆಸರಾದರೂ ಆಶ್ಚರ್ಯವಿಲ್ಲ. ಹೋದ ವರ್ಷ ಅವರು ಚಿಕ್ಕ ಮಗಳನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ವಿಲ್ ನೋಂದಣಿ ಮಾಡಿಸಿ ಬಂದಿದ್ದಾರೆ. ಏನು ಬರೆಸಿದ್ದಾರೆ ಅಂತ ಗಂಡುಮಕ್ಕಳಿಗೆ ಹೇಳಿಲ್ಲ. ಮೂವರೂ ಒಬ್ಬೊಬ್ಬರಾಗಿ ನನಗೆ ಫೋನ್ ಮಾಡಿ ವಿಚಾರಿಸಿದ್ದಾರೆ.